ಗುಂಡಿ ತೋರಿಸುವ ಕೈ

ಹಿಂದೆ ಹೆಂಡತಿ ಸೈಕಲ್ ಸಮೇತ ದಡಾರನೆ ಬಿದ್ದ ಸದ್ದು ಕೇಳಿದಾಗಲೂ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಎರಡು ಕೈಗಳೂ ಹ್ಯಾಂಡಲ್ ಮೇಲೆಯೇ ಇದ್ದವು. ಗುಂಡಿಯನ್ನು ಅವರು ಕಂಡಿದ್ದರು. ಮುಂದಿನವರು ಕೈ ಚಾಚಿ ತೋರಿಸಿದ್ದನ್ನೂ ಕಂಡಿದ್ದರು. ಕಂಡು, ಹ್ಯಾಂಡಲ್ಲನ್ನು ಕೊಂಚ ಎಡಕ್ಕೆ ಎಳೆದು, ತಾವು ಮಾತ್ರ ಪಾರಾಗಿದ್ದರು.

ಭಾನುವಾರದ ಸೈಕಲ್ ಗುಂಪಿನಲ್ಲಿ ಇದೊಂದು ಕಟ್ಟುನಿಟ್ಟಿನ ನಿಯಮ. ಸಾಲಾಗಿ ಹೋಗುವಾಗ ಹಿಂದಿನವರಿಗೆ ಮುಂದಿನವರ ಬೆನ್ನು ಕಾಣುತ್ತದೆಯೇ ಹೊರತು ರಸ್ತೆ ಕಾಣುವುದಿಲ್ಲ. ಗುಂಡಿ ಬಂದರೆ ಒಂದು ಕೈ ಬಿಟ್ಟು, ಕೆಳಗೆ ಚಾಚಿ, ಬೆರಳಿನಿಂದ ತೋರಿಸಬೇಕು. ಹಿಂದಿನವರು ಅದನ್ನು ನಂಬಿ ಪಕ್ಕಕ್ಕೆ ಸರಿಯಬೇಕು. ಗುಂಪಿನ ಮುಂದಾಳಾದ ಹಲ್ಲಿನ ಡಾಕ್ಟರು ಬೆಳಿಗ್ಗೆ ಹೊರಡುವ ಮುಂಚೆಯೇ ಕೇಳಿದ್ದರು. "ಮುಂದಿನ ತಿಂಗಳು ಅಣೆಕಟ್ಟಿನ ತನಕ ಹೋಗೋದು, ದೂರದ ದಾರಿ. ಒಂದು ಕೈಲಿ ಓಡಿಸೋಕೆ ಬರದೇ ಇರೋರು ಯಾರಾದ್ರೂ ಇದ್ರೆ ಈಗಲೇ ಹೇಳಿ. ಸಾಲಿನ ಕೊನೇಲಿ ಬಂದ್ರಾಯ್ತು. ಇದರಲ್ಲಿ ನಾಚಿಕೆ ಏನಿಲ್ಲ."

ಮೇಷ್ಟ್ರಿಗೆ ಬರುತ್ತಿರಲಿಲ್ಲ. ಒಂದು ಕೈ ಬಿಟ್ಟರೆ ಸಾಕು, ಸೈಕಲ್ಲು ಕುಡಿದವರ ಹಾಗೆ ತೂರಾಡುತ್ತಿತ್ತು. ಆದರೆ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮನುಷ್ಯ, 'ಸಿಗ್ನಲ್ ಕೊಡದೆ ತಿರುಗಿದ್ರೆ ಕಿವಿ ಹಿಂಡ್ತೀನಿ' ಎಂದು ಗದರುವ ಮನುಷ್ಯ, ತಮ್ಮ ಶಿಷ್ಯರೇ ಎದುರಿಗೆ ನಿಂತಿರುವಾಗ ಇಂಥದ್ದನ್ನು ಒಪ್ಪಿಕೊಳ್ಳುವುದುಂಟೇ? ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ "ನಡೀರಿ ಡಾಕ್ಟ್ರೇ, ಬಿಸಿಲೇರುತ್ತೆ" ಎಂದುಬಿಟ್ಟಿದ್ದರು. ಸಾಲಿನ ಕೊನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಆಕೆಯ ಹಿಂದಕ್ಕೆ ಸರಿದುಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೂ ಮನಸ್ಸು ಬರಲಿಲ್ಲ. "ನೀನು ನನ್ನ ಹಿಂದೆ ಬಾ, ನಾನು ದಾರಿ ತೋರಿಸ್ತೀನಿ" ಎಂದು ಮೀಸೆ ತಿರುವಿದ್ದರು.

ಈಗ ಆಕೆ ರಸ್ತೆಯಂಚಿನಲ್ಲಿ ಕೂತು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮಣಿಕಟ್ಟು ನೋಡನೋಡುತ್ತಲೇ ಊದಿಕೊಳ್ಳುತ್ತಿತ್ತು. ಆಕೆ ಟೈಲರ್. ಶಾಲೆ ಶುರುವಾಗುವ ಕಾಲ. ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಮಕ್ಕಳ ಯೂನಿಫಾರಂ ಬಟ್ಟೆ ಸೊಂಟದೆತ್ತರ ಬಿದ್ದಿತ್ತು.

ಹಲ್ಲಿನ ಡಾಕ್ಟರು ಸೈಕಲ್ ತಿರುಗಿಸಿಕೊಂಡು ಓಡಿ ಬಂದರು. ಬಗ್ಗಿ ನೋಡಿ, "ಹಲ್ಲಾಗಿದ್ರೆ ಇಲ್ಲೇ ಹೇಳ್ತಿದ್ದೆ. ಇದು ಮೂಳೆ ಥರ ಕಾಣುತ್ತೆ, ಆಸ್ಪತ್ರೆಗೆ ಹೋಗೋಣ" ಎಂದರು. ಆಮೇಲೆ ತಲೆಯೆತ್ತಿದರು. "ಮೇಷ್ಟ್ರೇ, ಗುಂಡಿ ತೋರಿಸ್ಲಿಲ್ವಾ?"

"ತೋರಿಸಿದೆನಲ್ಲ ಡಾಕ್ಟ್ರೇ! ಇವಳೇ ಎಲ್ಲೋ ನೋಡ್ತಿದ್ಲು ಅನ್ಸುತ್ತೆ."

ಮಾತು ಬಾಯಿಂದ ಬಿದ್ದೇ ಹೋಯಿತು. ಆಕೆ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಮೇಷ್ಟ್ರು ಸೈಕಲ್ ಚೈನಿನ ಕಡೆ ದೃಷ್ಟಿ ಹೊರಳಿಸಿದರು.

"ಹೌದು ಡಾಕ್ಟ್ರೇ, ನಾನೇ ಗಮನಿಸ್ಲಿಲ್ಲ" ಎಂದಳು.

ಎಲ್ಲರೆದುರು ಬೈದಿದ್ದರೂ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಶಿಷ್ಯನೊಬ್ಬ ಸಮಾಧಾನ ಮಾಡುವವನಂತೆ "ಪಾಪ, ನೀವೇನ್ಮಾಡ್ತೀರಿ ಸಾರ್, ನೀವು ಸಿಗ್ನಲ್ ಕೊಟ್ಟಿದ್ರಿ" ಎಂದು ಬೆನ್ನು ಸವರಿದಾಗ ಅವರ ಕಿವಿಯವರೆಗೂ ಬಿಸಿಯೇರಿತು.

ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. "ಇದನ್ನ ಬಿಚ್ಚೋವರೆಗೂ ಕತ್ತರಿ ಮುಟ್ಟೋ ಹಾಗಿಲ್ಲಮ್ಮ" ಎಂದರು ಮೂಳೆ ಡಾಕ್ಟರು.

"ಎಡಗೈಲಿ ಕತ್ತರಿಸಬಹುದಾ?" ಎಂದು ಆಕೆ ಕೇಳಿದಳು. ಹಾಳೆಯ ಮೇಲೆ ಬರೆಯುತ್ತಿದ್ದ ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

ಹೊರಗೆ ಬೆಂಚಿನ ಮೇಲೆ ಔಷಧಕ್ಕಾಗಿ ಕಾಯುವಾಗ ಮೇಷ್ಟ್ರು ಸೈಕಲ್ಲಿನ ಗ್ಲೌಸು ಬಿಚ್ಚಿ ಮಡಚಿದರು, ಮತ್ತೆ ಬಿಡಿಸಿದರು. ಹೊಚ್ಚ ಹೊಸ ಗ್ಲೌಸು. ದೂರ ಹೋಗುವವರಿಗೆ ಬೇಕೆಂದು ಏನೇನು ಕೊಳ್ಳಬಹುದೋ ಎಲ್ಲವನ್ನೂ ಕೊಂಡಿದ್ದರು.

"ನನಗೆ ಒಂದು ಕೈ ಬಿಟ್ಟು ಓಡಿಸೋಕೆ ಬರಲ್ಲ ಕಣೇ" ಎಂದರು ತಗ್ಗಿದ ದನಿಯಲ್ಲಿ.

"ಗೊತ್ತು."

"ಗೊತ್ತಾ?"

"ನೀರು ಕುಡಿಯೋಕೂ ಸೈಕಲ್ ನಿಲ್ಲಿಸ್ತೀರಲ್ಲ. ನನ್ನ ಕಣ್ಣೇನು ಕುರುಡಾ?"

ಮೇಷ್ಟ್ರು ಆಕೆಯತ್ತ ತಿರುಗಿದರು. "ಗೊತ್ತಿದ್ದೂ ನನ್ನ ಹಿಂದೆ ಯಾಕೆ ಬಂದೆ?"

"ಗುಂಡಿ ಬಂದ್ರೆ ಕೂಗ್ತೀರ ಅಂದ್ಕೊಂಡಿದ್ದೆ." ಆಕೆ ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಮುಟ್ಟಿಕೊಂಡಳು. "ಕೈ ಬಿಡೋಕೆ ಬರಲ್ಲ, ಸರಿ. ಬಾಯಿಗೆ ಏನಾಗಿತ್ತು ರೀ?"

ಬಾಯಿಗೆ ಏನೂ ಆಗಿರಲಿಲ್ಲ. ಕೂಗಿದ್ದರೆ ಮುಂದಿದ್ದವರೆಲ್ಲ ತಿರುಗಿ ನೋಡುತ್ತಿದ್ದರು, ಮೇಷ್ಟ್ರು ಕೈ ತೋರಿಸದೆ ಯಾಕೆ ಕೂಗಿದರು ಎಂದು. ಆ ಒಂದು ಗಳಿಗೆಯಲ್ಲಿ ಇಷ್ಟನ್ನೂ ಅವರು ಲೆಕ್ಕ ಹಾಕಿದ್ದರು. ಔಷಧ ಕೈಗೆ ಬಂದದ್ದೇ ಆಕೆ ಎದ್ದು ಹೊರಟಳು.

ಆಸ್ಪತ್ರೆಯ ಗೇಟಿನಾಚೆ ಪೈಪು ಹಾಕಲು ರಸ್ತೆ ಅಗೆದಿದ್ದರು. ಆಕೆ ಮುಂದೆ, ಅವರು ತಲೆ ತಗ್ಗಿಸಿಕೊಂಡು ಹಿಂದೆ. ನಡೆಯುತ್ತಿದ್ದ ಆಕೆ ಒಂದೆಡೆ ಪಕ್ಕಕ್ಕೆ ಸರಿದಳು. ತಿರುಗಿ ನೋಡದೆ, ಉಳಿದಿದ್ದ ಎಡಗೈಯನ್ನು ಕೆಳಗೆ ಚಾಚಿ, ಬೆರಳಿನಿಂದ ನೆಲ ತೋರಿಸಿದಳು.

"ಗುಂಡಿ" ಎಂದು ಬಾಯಲ್ಲೂ ಹೇಳಿದಳು.