ಮಿತಭಾಷಿಗಳ ಶನಿವಾರ

ಬಾಗಿಲಲ್ಲಿ ನಿಂತಿದ್ದ ಲೈಬ್ರರಿ ಮೇಡಂ ಎರಡು ಬಣ್ಣದ ಚೀಟಿಗಳನ್ನು ಮುಂದೆ ಹಿಡಿದು, ಯಾವುದು ಬೇಕು ಎಂದು ಪಿಸುದನಿಯಲ್ಲಿ ಕೇಳಿದರು. ಹಸಿರು ಅಂಟಿಸಿಕೊಂಡವರನ್ನು ಯಾರು ಬೇಕಾದರೂ ಮಾತಾಡಿಸಬಹುದು. ಕೆಂಪು ಅಂಟಿಸಿಕೊಂಡವರನ್ನು ಅವರ ಪಾಡಿಗೆ ಬಿಡಬೇಕು. ನಡುವೆ ಮನಸ್ಸು ಬದಲಾದರೆ ಚೀಟಿ ಬದಲಾಯಿಸಿಕೊಳ್ಳಬಹುದು. ಮಿತಭಾಷಿಗಳ ಶನಿವಾರಕ್ಕೆ ಇದ್ದ ನಿಯಮ ಇಷ್ಟೇ. ಕೆಂಪಿಗೆ ನಿಲ್ಲೋದು, ಹಸಿರಿಗೆ ಹೊರಡೋದು, ಇಪ್ಪತ್ತು ವರ್ಷದಿಂದ ಊರಿಗೆಲ್ಲ ಇದನ್ನೇ ಹೇಳಿಕೊಡ್ತಾ ಇದ್ದೀನಿ ಮೇಡಂ ಎಂದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಒಳಗಿದ್ದ ಹನ್ನೆರಡು ತಲೆಗಳು ಒಟ್ಟಿಗೆ ಎದ್ದು ಮತ್ತೆ ಬಗ್ಗಿದವು. ಮೇಷ್ಟ್ರು ಹಸಿರನ್ನೇ ಅಂಗಿಗೆ ಅಂಟಿಸಿಕೊಂಡರು.

ಅವರು ಬಂದದ್ದು ಹೆಂಡತಿಯನ್ನು ಕರೆದುಕೊಂಡು ಹೋಗುವುದಕ್ಕೆ. ಮೂರು ತಿಂಗಳಿಂದ ಪ್ರತಿ ಶನಿವಾರ ಸಂಜೆ ಅವಳು ಇಲ್ಲಿಗೆ ಬರುತ್ತಿದ್ದಳು, ಆದರೆ ಮನೆಗೆ ಒಂದು ಪುಸ್ತಕವೂ ಬರುತ್ತಿರಲಿಲ್ಲ. ಅಲ್ಲಿ ಏನು ಮಾಡ್ತೀಯ ಎಂದರೆ ಸುಮ್ನೆ ಕೂತಿರ್ತೀನಿ ಎನ್ನುತ್ತಿದ್ದಳು. ಸುಮ್ಮನೆ ಕೂರುವುದಕ್ಕೆ ಮನೆಯಲ್ಲಿ ಕುರ್ಚಿ ಇಲ್ಲವೇ? ಅವಳದು ಮಾತು ಕಡಿಮೆ ಎಂಬುದು ನೆಂಟರಿಗೆಲ್ಲ ಗೊತ್ತಿತ್ತು. ಎಲ್ಲಿ ನೋವು ಎಂದು ಡಾಕ್ಟರು ಅವಳನ್ನು ಕೇಳಿದರೂ ಉತ್ತರ ಕೊಡುತ್ತಿದ್ದವರು ಮೇಷ್ಟ್ರೇ. ಇವತ್ತು ಕಾರು ಕಲಿಯಲು ಬರಬೇಕಿದ್ದವನು ಕೈಕೊಟ್ಟಿದ್ದ, ಹಾಗಾಗಿ ಅವರಿಗೆ ಪುರುಸೊತ್ತಾಗಿತ್ತು.

ಮೂಲೆಯ ಮೇಜಿನ ಮೇಲೆ ಒಂದು ಚಿತ್ರದ ನೂರಾರು ಚೂರುಗಳು ಹರಡಿದ್ದವು. ಅವನ್ನು ಜೋಡಿಸುತ್ತ ಕೂತಿದ್ದವರು ಇಬ್ಬರು, ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕರು ಮತ್ತು ಮೇಷ್ಟ್ರ ಹೆಂಡತಿ. ಅವಳ ಎದೆಯ ಮೇಲೂ ಹಸಿರು ಚೀಟಿ! ಮೇಷ್ಟ್ರು ಕಪಾಟಿನ ಪಕ್ಕದಲ್ಲೇ ನಿಂತುಬಿಟ್ಟರು. ಅವಳು ಮಾತಾಡುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಮನೆ ಬಿಟ್ಟು ಓಡಿಹೋಗಬೇಕೆಂದು ತೀರ್ಮಾನಿಸಿ, ಬಸ್ಸು ಹತ್ತಿ ಸೀಟಿನ ಕೆಳಗೆ ಮಲಗಿಬಿಟ್ಟಿದ್ದಳಂತೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೇಷ್ಟ್ರು ಈ ಸುದ್ದಿ ಕೇಳಿದ್ದು ಇದೇ ಮೊದಲು.

"ಕೊನೇ ಸ್ಟಾಪಲ್ಲಿ ಡ್ರೈವರ್ ಬಗ್ಗಿ ನೋಡಿದ. ಆಗ ನಂಗೆ..." ಎಂದು ಅವಳು ಪದಕ್ಕಾಗಿ ತಡೆದಳು. ಮುದುಕರಿಗೆ ಯಾವ ಅವಸರವೂ ಇರಲಿಲ್ಲ. ಒಂದು ನೀಲಿ ಚೂರನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡುತ್ತಿದ್ದರು. ಕಪಾಟಿನ ಪಕ್ಕದಲ್ಲಿ ಮೇಷ್ಟ್ರ ಕಾಲು ಮಾತ್ರ ತನ್ನಷ್ಟಕ್ಕೆ ನೆಲ ಒತ್ತತೊಡಗಿತು. ಕಲಿಯುವವನು ಬ್ರೇಕ್ ಹಾಕುವ ಮೊದಲೇ ತಾವು ಹಾಕಿ ರೂಢಿಯಾದ ಕಾಲು ಅದು. ಅವಳ ತುಟಿಯಲ್ಲಿ ನಗು ಅರಳಿತು, ಇನ್ನೇನು ಪದ ಬರಬೇಕು, ಅಷ್ಟರಲ್ಲಿ ಅವಳು ಗಂಡನನ್ನು ಕಂಡಳು. ಬ್ಯಾಗಿನಿಂದ ಕೆಂಪು ಚೀಟಿ ತೆಗೆದು ಹಸಿರಿನ ಮೇಲೆ ಅಂಟಿಸಿಕೊಂಡಳು.

ಮುಂದಿನ ಮುಕ್ಕಾಲು ಗಂಟೆ ಮೇಷ್ಟ್ರು ಮುಳ್ಳಿನ ಮೇಲೆ ಕೂತರು. ಸ್ವೆಟರ್ ಹೆಣೆಯುತ್ತಿದ್ದ ನರ್ಸ್ ಒಬ್ಬರು ಹಸಿರು ಚೀಟಿ ಅಂಟಿಸಿಕೊಂಡಿದ್ದರು. ಮೇಷ್ಟ್ರು ಐದು ನಿಮಿಷ ಮಾತಾಡಿಸಿದ ಮೇಲೆ ಅವರೂ ಎದ್ದು ಹೋಗಿ ಕೆಂಪು ತಂದುಕೊಂಡರು. ಮೇಷ್ಟ್ರು ಗಡಿಯಾರ ನೋಡಿದರು, ಪತ್ರಿಕೆ ಮಗುಚಿದರು, ಎದ್ದು ನೀರು ಕುಡಿದು ಬಂದರು. ಯಾವುದೋ ಮುದುಕನಿಗೆ ಹೇಳುವ ಮಾತು ನನ್ನ ಮುಂದೆ ಯಾಕೆ ನಿಲ್ಲಬೇಕು? ಡ್ರೈವರ್ ಬಗ್ಗಿ ನೋಡಿದಾಗ ಅವಳಿಗೆ ಏನಾಯಿತು ಎಂಬುದನ್ನು ಅವಳ ಬಾಯಿಂದಲೇ ಕೇಳದೆ ಇವತ್ತು ಊಟ ಸೇರುವುದಿಲ್ಲ ಎನಿಸಿತು.

ಕಾರು ಹತ್ತಿದ ಕೂಡಲೇ, ಆ ಬಸ್ಸಿನ ವಿಷಯ ನಂಗೂ ಹೇಳು ಎಂದರು. ಅವಳು ಅವರ ಮುಖ ನೋಡಿ, ಮೊದಲಿಂದ ಶುರು ಮಾಡಿದಳು. ನಿಧಾನವಾಗಿ ಹೇಳಿದಳು. ಮೇಷ್ಟ್ರು ತುಟಿ ಕಚ್ಚಿಕೊಂಡು ಕೇಳಿದರು. ಡ್ರೈವರ್ ಬಗ್ಗಿ ನೋಡಿದ, ಆಗ ನಂಗೆ ಎಂಬಲ್ಲಿಗೆ ಬಂದು ಅವಳು ನಿಂತಳು. ಒಂದು ಬೀದಿ ಕಳೆಯಿತು. ಎರಡನೆಯ ಬೀದಿಯೂ ಕಳೆಯಿತು. ನಾಲಿಗೆ ತುದಿಯಲ್ಲಿದ್ದದ್ದನ್ನು ಎಷ್ಟು ಹೊತ್ತು ಅಂತ ತಡೆಯುವುದು!

"ಭಯ ಆಯ್ತು," ಎಂದುಬಿಟ್ಟರು.

"ಹೂಂ. ಭಯ ಆಯ್ತು," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅದು ಭಯವಲ್ಲ. ಭಯದ ಮಾತಿಗೆ ತುಟಿ ಲೈಬ್ರರಿಯಲ್ಲಿ ಅರಳಿದ ಹಾಗೆ ಅರಳುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹೀಗೆ ಇನ್ನೆಷ್ಟು ಹೂಂಗಳು ಎಂದು ಲೆಕ್ಕ ಹಾಕುತ್ತ ಹೋದವರಿಗೆ ಎಲ್ಲಕ್ಕಿಂತ ಮೊದಲಿನದು ನೆನಪಾಯಿತು. ಪಾರ್ಕಿನ ಬೆಂಚಿನ ಮೇಲೆ, ಮದುವೆ ಆಗೋಣವಾ ಎಂದು ಇವರು ಕೇಳಿದ ದಿನ. ಅವಳು ನಂಗೆ ಎಂದಷ್ಟೇ ಹೇಳಿ ತಡೆದಿದ್ದಳು. ಒಪ್ಪಿಗೆ ಅಂತ ತಾನೇ ಎಂದು ಇವರೇ ಮುಗಿಸಿದ್ದರು. ಅವಳು ಹೂಂ ಎಂದಿದ್ದಳು. ನೆಂಟರ ಮುಂದೆ ಅದನ್ನು ಎಷ್ಟು ಸಲ ಹೇಳಿ ನಗಿಸಿದ್ದರೋ.

ಮನೆಯ ಗೇಟಿನ ಮುಂದೆ ಕಾರು ನಿಂತಿತು. ಇಬ್ಬರೂ ಇಳಿಯಲಿಲ್ಲ.

"ಆವತ್ತು ಪಾರ್ಕಲ್ಲಿ," ಎಂದರು ಮೇಷ್ಟ್ರು, "ನೀನು ಏನು ಹೇಳೋಕೆ ಹೊರಟಿದ್ದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಆವತ್ತು ನಂಗೆ..." ಎಂದು ತಡೆದಳು.

ಮೇಷ್ಟ್ರು ಸ್ಟೀರಿಂಗ್ ಹಿಡಿದುಕೊಂಡೇ ಕಾದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬಾಯಿಗೆ ಬಂದ ಪದವನ್ನು ಹೇಳುವ ಧೈರ್ಯ ಅವರಿಗೆ ಬರಲಿಲ್ಲ.