ಹಳದಿ ಗುರುತು

ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಮೂಸಿದ ಮೆಕ್ಯಾನಿಕ್ ಮುಖ ಸಿಂಡರಿಸಿದ. "ಸುಟ್ಟು ಕರಕಲಾಗಿದೆ ಅಕ್ಕಾ. ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಎಳೆಯಲ್ಲ, ಹೌದಲ್ವಾ?"

ಗೋಡೆಗೆ ಒರಗಿ ನಿಂತಿದ್ದ ಅವಳು ಹೂಂ ಎಂದಳು. ಎಡಗಾಲಿಗೆ ಬಲವಿಲ್ಲದ ಅವಳಿಗೆ ಕ್ಲಚ್ಚಿಲ್ಲದ ಈ ಕಾರೇ ಅನ್ನ. ದಿನಾ ನಾಲ್ಕು ಮನೆಯ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಳು. ಮೂರು ತಿಂಗಳ ಹಿಂದೆ ಅಣ್ಣನೇ ತನ್ನ ಕಾರನ್ನು ಅವಳಿಗೆ ಮಾರಿದ್ದ. ಅಗ್ಗದ ರಿಪೇರಿಗೆಂದು ಊರೆಲ್ಲ ಸುತ್ತಿಸಿದವನು ಈ ಗ್ಯಾರೇಜು ಮಾತ್ರ ಬೇಡವೇ ಬೇಡ ಎಂದಿದ್ದ. ಇವತ್ತು ಅವಳ ಹಟ ಗೆದ್ದಿತ್ತು. ಅಣ್ಣ ಅವಳ ಊರುಗೋಲು ಹಿಡಿದು ಬಾಗಿಲಾಚೆಯೇ ನಿಂತಿದ್ದ.

ಕಾರಿನಡಿ ತೂರಿದ ಮೆಕ್ಯಾನಿಕ್ ಗೇರ್‌ಬಾಕ್ಸಿನ ಒಂದು ಬೋಲ್ಟಿನ ಕೊಳೆ ಒರೆಸಿದ. "ನಾಲ್ಕು ತಿಂಗಳ ಹಿಂದೆ ಇದನ್ನ ಬಿಚ್ಚಿ ನೋಡಿ, ಗುರುತಿಗೆ ಈ ಬೋಲ್ಟಿಗೆ ಹಳದಿ ಬಣ್ಣ ಬಳಿದಿದ್ದು ನಾನೇ. ಒಳಗೆಲ್ಲ ಸವೆದುಹೋಗಿದೆ, ಇನ್ನು ಮೂರ್ನಾಲ್ಕು ತಿಂಗಳು ಓಡಿದ್ರೆ ಹೆಚ್ಚು ಅಂತ ಅವತ್ತೇ ಹೇಳಿ ಕಳಿಸಿದ್ದೆ. ಇದನ್ನ ನಿಮ್ಮ ತಲೆಗೆ ಕಟ್ಟಿದ ಪುಣ್ಯಾತ್ಮ ಯಾರು?"

ಅವಳು ಬಾಗಿಲತ್ತ ತಿರುಗಿದಳು. ಅಣ್ಣ ಊರುಗೋಲಿನ ಹಿಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವಳು ನೋಡುತ್ತಿದ್ದಾಳೆಂದು ಗೊತ್ತಾದ ಮೇಲೂ ಒರೆಸುತ್ತಲೇ ಇದ್ದ.

"ಅದನ್ನ ಅಲ್ಲೇ ಗೋಡೆಗೆ ಒರಗಿಸಿಟ್ಟು ಹೋಗಣ್ಣ," ಎಂದಳು. "ನಾನೇ ಬಂದು ತಗೋತೀನಿ."