ಸೊರೈದಾ ಟೀಚರ ಬೀಸಣಿಗೆ

ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಗುಂಯ್ ಎಂದ ತಕ್ಷಣ ಅನ್ಸೆಲ್ಮೊ ಜೋರಾಗಿ ಕೆಮ್ಮಿದ. ಪಕ್ಕದಲ್ಲೇ ಕುಳಿತು ಅದಕ್ಕೆ ಬೀಸಣಿಗೆ ಬೀಸುತ್ತಿದ್ದ ಸೊರೈದಾ ಟೀಚರಿಗೆ ಆ ಸದ್ದು ಕೇಳಿಸಿದರೆ ಅವನ ಪಾಲಿಗೆ ಶುಭಂ ಬೋರ್ಡು ಬಿದ್ದಂತೆಯೇ.

ಟೀಚರ ಹದಿಮೂರು ವರ್ಷದ ಈ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಒಗ್ಗುವುದಿಲ್ಲವೆಂದು ಕಂಪನಿಯವರು ಕೈತೊಳೆದುಕೊಂಡಿದ್ದರು. ಹಳೆಯದನ್ನೇ ರಿಪೇರಿ ಮಾಡಿ ಓಡಿಸುವ ಹವಾನಾ ನಗರದಲ್ಲಿ ಅಂಥ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ? ಅರವತ್ತು ದಾಟಿದ ರಿಪೇರಿ ಅನ್ಸೆಲ್ಮೊ ಯಂತ್ರದ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಹೊಸ ಸಿಸ್ಟಂ ಒಳಗೆ ನುಗ್ಗಿಸಿದ್ದ. ಆದರೆ ಆ ಹೊಸ ಸಿಸ್ಟಂಗೆ ಹಳೆಯ ಫ್ಯಾನಿನ ಗುರುತೇ ಹತ್ತಿರಲಿಲ್ಲ. ಅದನ್ನು ಸರಿಮಾಡಲು ಅವನು ನಾಲ್ಕು ದಿನದಿಂದ ಟೀಚರ ಮನೆಗೆ ಬರುತ್ತಿದ್ದ. ಫ್ಯಾನಿಲ್ಲದ ಯಂತ್ರ ಬಿಸಿಯಾಗದಿರಲೆಂದು ಅವಳು ಬೀಸಣಿಗೆ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. ಇವತ್ತು ಹಾಳಾದ್ದು ಸರಿಹೋಗಿಯೇಬಿಟ್ಟಿತ್ತು. ನಾಳೆ ಯಾವ ನೆಪ ಹೇಳಿಕೊಂಡು ಬರುವುದು?

“ಏನ್ರೀ ಹೀರೋ, ಕೆಮ್ಮು ಜೋರಾಗಿದೆ?”

“ಕಾಫಿ ನೆತ್ತಿಗೇರ್ತು, ಟೀಚರ್.”

“ಕಪ್ ಮುಟ್ಟೇ ಇಲ್ವಲ್ರೀ ನೀವು! ಡೈಲಾಗ್ ಹೊಡೀಬೇಡಿ. ನಲವತ್ತು ವರ್ಷ ಪಿಟೀಲು ಕಲಿಸಿದ ಕಿವಿ ಇದು. ಫ್ಯಾನ್ ತಿರುಗ್ತಿದೆ.”

ಅನ್ಸೆಲ್ಮೊ ತಲೆ ತಗ್ಗಿಸಿ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಇನ್ನು ಬೀಸಣಿಗೆಯೂ ನಿಲ್ಲುತ್ತದೆ ಎಂದುಕೊಂಡ. ಅದು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಕಡೆಯಿಂದ ಮೆಲ್ಲಗೆ ತಿರುಗಿ, ಬೆವೆತಿದ್ದ ಅವನ ಕೆನ್ನೆಗೆ ಗಾಳಿ ಹಾಕತೊಡಗಿತು.

“ಚೀಲ ಇಲ್ಲೇ ಇರ್ಲಿ ಬಿಡಿ,” ಎಂದಳು ಸೊರೈದಾ. “ನಾಳೆ ಬರೀ ಕೈಯಲ್ಲಿ ಬನ್ನಿ, ಸಾಕು.”